ಬೆನ್ನ ಮೇಲೆ ಮನೆ ಹೊತ್ತು ಥಾರ್‌ಗೆ

ಪಿಕಪ್ ಗಾಡಿಯ ಬೆನ್ನ ಮೇಲೆ ಒಂದು ಕೋಣೆ ಹೊರಿಸಿಕೊಂಡು ಥಾರ್ ಮರುಭೂಮಿಗೆ ಹೊರಟಿದ್ದೇನೆ ಎಂದಾಗ ಗುರುಗ್ರಾಮದ ನಮ್ಮ ಕನ್ನಡ ಬಳಗದಲ್ಲಿ ಯಾರೂ ಮರಳಿನ ಬಗ್ಗೆ ಕೇಳಲಿಲ್ಲ. ದಾರಿ ತಪ್ಪಿದರೆ ಏನು ಗತಿ ಎಂದೂ ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಅಲ್ಲಾ ಸ್ವಾಮಿ, ಸ್ನಾನಕ್ಕೆ ಏನು ಮಾಡ್ತೀರಿ?’

ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಕಳೆದ ಡಿಸೆಂಬರಿನಲ್ಲಿ ಜೈಸಲ್ಮೇರ್ ಸುತ್ತಿನ ಮರಳುದಾರಿಗಳಲ್ಲಿ ನಾಲ್ಕು ದಿನ ಅಲೆದು ಬಂದಿದ್ದೇನೆ. ಆ ನೆಲದಲ್ಲಿ ದೂರವನ್ನು ಕಿಲೋಮೀಟರಿಗಿಂತ ಲೀಟರಿನಲ್ಲಿ ಅಳೆಯುವುದು ವಾಸಿ ಎಂಬುದು ಅಲ್ಲಿ ಅರ್ಥವಾಯಿತು. ನಮ್ಮ ಹಾಗೆ ದೆಹಲಿ, ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೆಲಸ ಮಾಡುತ್ತ, ರಜೆ ಸಿಕ್ಕಾಗ ಗಾಡಿ ಹೊರಡಿಸುವ ಚಪಲವಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿಯ ಮೇಲೊಂದು ಕೋಣೆ

ನಾನು ಮೆಕ್ಯಾನಿಕಲ್ ಎಂಜಿನಿಯರ್. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ನನ್ನ ಬಳಿ ಇರುವುದು ಒಂದು ಟನ್ ಹೊರುವ, ಎರಡು ಸಾಲು ಸೀಟಿನ, ಫೋರ್ ವೀಲ್ ಡ್ರೈವ್ ಪಿಕಪ್. ಅದರ ಹಿಂದಿನ ತೊಟ್ಟಿಯಲ್ಲಿ ಕೂರುವಂತೆ ಅಲ್ಯೂಮಿನಿಯಂ ಚೌಕಟ್ಟಿನ ಒಂದು ಪೆಟ್ಟಿಗೆ ಮಾಡಿಸಿದ್ದೇನೆ. ಒಳಗೆ ಇಬ್ಬರು ಮಲಗುವ ಹಲಗೆ, ಅದರ ಕೆಳಗೆ ನೂರು ಲೀಟರ್ ನೀರಿನ ಟ್ಯಾಂಕ್, ಒಂದು ಬ್ಯಾಟರಿ, ಚಾವಣಿಯ ಮೇಲೆ ಸಣ್ಣ ಸೋಲಾರ್ ಫಲಕ, ಹಿಂಬಾಗಿಲ ಬಳಿ ಒಲೆ ಇಡುವ ಜಾಗ. ಇಷ್ಟೇ. ವಿದೇಶದ ವಿಡಿಯೊಗಳಲ್ಲಿ ಕಾಣುವ ಫ್ರಿಜ್, ಶವರ್ ಯಾವುದೂ ಇಲ್ಲ.

ಇಂಥ ಗಾಡಿ ಮಾಡಿಸುವವರು ಮೊದಲು ನೋಡಬೇಕಾದದ್ದು ತೂಕ. ನೋಂದಣಿ ಪತ್ರದಲ್ಲಿ ಒಟ್ಟು ತೂಕ ಎಂದು ಬರೆದಿರುತ್ತದಲ್ಲ, ಗಾಡಿ, ಜನ, ಸಾಮಾನು, ನೀರು, ಡೀಸೆಲ್ ಎಲ್ಲ ಸೇರಿ ಅದನ್ನು ದಾಟಬಾರದು. ನನ್ನ ಪೆಟ್ಟಿಗೆ ಸುಮಾರು 320 ಕಿಲೊ. ನೂರು ಲೀಟರ್ ನೀರೆಂದರೆ ನೂರು ಕಿಲೊ. ಇಬ್ಬರು ಜನ, ಹಾಸಿಗೆ, ಸಲಿಕೆ, ಒಲೆ, ಹೆಚ್ಚುವರಿ ಟೈರು, ಇಪ್ಪತ್ತು ಲೀಟರ್ ಡೀಸೆಲ್ ಕ್ಯಾನ್ ಸೇರಿದರೆ 650 ಕಿಲೊ ಹತ್ತಿರ. ಒಂದು ಟನ್ ಹೊರುವ ಗಾಡಿಯಲ್ಲಿ ಇಷ್ಟಕ್ಕೇ ನಿಲ್ಲಿಸಿದ್ದು ಬೇಕೆಂದೇ. ಮರಳಿನಲ್ಲಿ ಪ್ರತಿ ಕಿಲೊಗೂ ಎಂಜಿನ್ ಬೆಲೆ ತೆರಬೇಕು.

ಎರಡನೆಯದು ಕಾನೂನು. ವಾಹನದ ಮೂಲ ರಚನೆ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಬದಲಿಸುವುದಿದ್ದರೆ ಆರ್‌ಟಿಒ ಒಪ್ಪಿಗೆ ಬೇಕು. ನನ್ನ ಪೆಟ್ಟಿಗೆಯನ್ನು ಗಾಡಿಗೆ ಬೆಸೆದಿಲ್ಲ. ನಾಲ್ಕು ಮೂಲೆಯಲ್ಲಿ ಬಿಗಿಯುವ ಸ್ಕ್ರೂಗಳಿಂದ ಕಟ್ಟಿದೆ, ಜಾಕ್ ಇಟ್ಟು ಇಳಿಸಬಹುದು. ಹಾಗಿದ್ದರೂ ಮಾಡಿಸುವ ಮೊದಲು ನಿಮ್ಮ ಊರಿನ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಕೇಳುವುದು ಒಳ್ಳೆಯದು.

ಮೂರನೆಯದು ಒಲೆ. ಮುಚ್ಚಿದ ಪೆಟ್ಟಿಗೆಯೊಳಗೆ ಗ್ಯಾಸ್ ಉರಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಬೆಳಗಾಗುವುದರೊಳಗೆ ಜೀವ ಹೋಗಬಹುದು. ಎಷ್ಟೇ ಚಳಿಯಿದ್ದರೂ ಅಡುಗೆ ಹೊರಗೇ.

ಮಾವ ಜೊತೆಯಾದರು

ಈ ಪ್ರಯಾಣಕ್ಕೆ ಜೊತೆಯಾದವರು ನನ್ನ ಸೋದರಮಾವ. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ರೈತ, ವಯಸ್ಸು ಅರವತ್ತೆರಡು. ತುಂಗಭದ್ರಾ ಕಾಲುವೆಯ ತುದಿಭಾಗದಲ್ಲಿ ಅವರ ಐದು ಎಕರೆ ಗದ್ದೆ, ಕಾಲುವೆ ಮುಟ್ಟದ ಮೇಲ್ಭಾಗದಲ್ಲಿ ಮೂರು ಎಕರೆ ಎರೆ ಹೊಲ. ತುದಿಭಾಗದ ರೈತರಿಗೆ ನೀರಿನ ಕಥೆ ಬೇರೆ ಹೇಳಬೇಕಿಲ್ಲ. ಮೇಲಿನವರು ಬಿಟ್ಟರೆ ನೀರು, ಬಿಡದಿದ್ದರೆ ರಾತ್ರಿಯಿಡೀ ಗೇಟಿನ ಹತ್ತಿರ ಕಾವಲು.

ಮಂಡಿ ತೋರಿಸಲು ದೆಹಲಿಗೆ ಬಂದವರು, ಡಾಕ್ಟರು ‘ಏನಿಲ್ಲ, ನಡೆದಾಡಿ’ ಎಂದ ಮೇಲೆ ಊರಿಗೆ ಹೊರಡುವ ಯೋಚನೆಯಲ್ಲಿದ್ದರು. ನಾನು ಮರುಭೂಮಿಗೆ ಹೊರಟಿದ್ದನ್ನು ಕೇಳಿ, ‘ನೀರಿಲ್ಲದ ಕಡೆ ಮಂದಿ ಹೆಂಗ ಇರ್ತಾರ ನೋಡೇ ಹೋಗೋಣಪ್ಪ’ ಎಂದರು. ಖಡಕ್ ರೊಟ್ಟಿ ಮೂವತ್ತು, ಶೇಂಗಾ ಪುಡಿ, ಗುರೆಳ್ಳು ಪುಡಿ ಊರಿನಿಂದ ತಂದಿದ್ದು ಮಿಕ್ಕಿತ್ತು. ಮರುಭೂಮಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ: ಕೆಡುವುದಿಲ್ಲ, ಬೇಯಿಸಬೇಕಿಲ್ಲ, ಪಾತ್ರೆ ತೊಳೆಯುವ ಕೆಲಸವಿಲ್ಲ.

ಗುರುಗ್ರಾಮದಿಂದ ಜೈಸಲ್ಮೇರ್‌ಗೆ ಸುಮಾರು 800 ಕಿಲೋಮೀಟರ್. ಮೇಲೆ ಪೆಟ್ಟಿಗೆ ಹೊತ್ತ ಗಾಡಿ ಗಾಳಿಗೆ ಓಲಾಡುತ್ತದೆ, ಆದ್ದರಿಂದ ಗಂಟೆಗೆ ಎಂಬತ್ತು ದಾಟಿಸದೆ ಬಿಕಾನೇರ್‌ನಲ್ಲಿ ಒಂದು ರಾತ್ರಿ ಉಳಿದು ಮಾರನೆಯ ದಿನ ತಲುಪಿದೆವು. ಜೈಸಲ್ಮೇರ್ ಜಿಲ್ಲೆಯೊಂದೇ 38 ಸಾವಿರ ಚದರ ಕಿಲೋಮೀಟರ್ ಮೀರಿದೆ, ಅಂದರೆ ನಮ್ಮ ಇಡೀ ಕರ್ನಾಟಕದ ಐದನೇ ಒಂದು ಭಾಗ. ಮಳೆ ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ. ನಮ್ಮ ಕಡೆ ಅದನ್ನು ಬರಗಾಲ ಎನ್ನುತ್ತೇವೆ. ಅಲ್ಲಿ ಅದೇ ಮಾಮೂಲು ಮಳೆಗಾಲ.

ಗಾಳಿ ಇಳಿಸು, ನಿಧಾನ ನಡೆಸು

ನಾವು ಹಾಕಿಕೊಂಡ ದಾರಿ ಹೀಗಿತ್ತು: ಜೈಸಲ್ಮೇರ್‌ನಿಂದ ಕುಲ್ಧರಾ, ಅಲ್ಲಿಂದ ಖಾಬಾ ಕೋಟೆ, ಮುಂದೆ ಖುರಿ. ಖುರಿಯಿಂದ ಪೂರ್ವಕ್ಕೆ ತಿರುಗಿ ಹಳ್ಳಿದಾರಿ, ಮರಳುದಾರಿ ಹಿಡಿದು ದೇವೀಕೋಟ್ ಬಳಿ ಹೆದ್ದಾರಿ 68 ದಾಟಿ, ರಾಸಲಾ, ಸಾಂವತಾ ಕಡೆಗೆ. ಪಶ್ಚಿಮಕ್ಕೆ ಗಡಿಯ ಹತ್ತಿರ ಹೋದಂತೆ ಅನುಮತಿ ಬೇಕಾದ ಹಳ್ಳಿಗಳು ಬರುತ್ತವೆ, ಖುರಿ ಮತ್ತು ಸಮ್ ನಡುವೆ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಅವೆರಡನ್ನೂ ಬಿಟ್ಟು ಈ ದಾರಿ ಆರಿಸಿಕೊಂಡೆವು.

ಮರಳಿನಲ್ಲಿ ಒಂಟಿ ಗಾಡಿ ಹೋಗಬಾರದೆಂಬುದು ಮೊದಲ ನಿಯಮ. ಖುರಿಯಲ್ಲಿ ಜೀಪ್ ಇಟ್ಟುಕೊಂಡ ಯುವಕನೊಬ್ಬನನ್ನು ದೇವೀಕೋಟ್‌ವರೆಗೆ ಗೊತ್ತು ಮಾಡಿಕೊಂಡೆವು. ಅವನು ಮಾವನನ್ನು ನೋಡಿದ ಕ್ಷಣದಿಂದ ‘ಬಾಸಾ’ ಎಂದೇ ಕರೆದ. ಆ ಕಡೆ ಹಿರಿಯರಿಗೆ ಕೊಡುವ ಗೌರವದ ಮಾತು ಅದು.

ಡಾಂಬರು ಮುಗಿದಲ್ಲಿ ಅವನು ಮಾಡಿದ ಮೊದಲ ಕೆಲಸ ಟೈರಿನ ಗಾಳಿ ಇಳಿಸುವುದು. ರಸ್ತೆಯಲ್ಲಿ 40 ಪಿಎಸ್‌ಐ ಇದ್ದದ್ದನ್ನು ನಾವೂ 20ಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ, ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ. ಭಾರ ಹಂಚಿಹೋಗಿ ಗಾಡಿ ಹೂತುಕೊಳ್ಳುವುದಿಲ್ಲ. ಒಂಟೆಯ ಅಗಲ ಪಾದದ ಕೆಲಸವೂ ಇದೇ. ಆದರೆ ಗಾಳಿ ಇಳಿಸಿದ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರ್ ಮೀರಬಾರದು, ಜೋರಾಗಿ ತಿರುಗಿಸಬಾರದು. ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಕಂಪ್ರೆಸರ್‌ನಿಂದ ಮತ್ತೆ ತುಂಬಬೇಕು. ಬ್ಯಾಟರಿಗೆ ಸಿಗಿಸುವ ಸಣ್ಣ ಕಂಪ್ರೆಸರ್‌ಗೆ ನಾಲ್ಕು ಟೈರು ತುಂಬಲು ಅರ್ಧ ಗಂಟೆ ಬೇಕು. ಚಹಾ ಕಾಯಿಸಲು ಸರಿಯಾದ ಸಮಯ.

ಪೆಟ್ಟಿಗೆ ಹೊತ್ತ ಗಾಡಿಗೆ ಇನ್ನೊಂದು ಎಚ್ಚರ ಬೇಕು. ಭಾರ ಮೇಲಿರುವುದರಿಂದ ದಿಬ್ಬವನ್ನು ಅಡ್ಡಡ್ಡ ಹಾಯಬಾರದು, ನೇರ ಹತ್ತಿ ನೇರ ಇಳಿಯಬೇಕು. ಎತ್ತರದ ದಿಬ್ಬವಾದರೆ ಹತ್ತದೆ ಸುತ್ತಿ ಹೋಗಬೇಕು. ಬ್ರೇಕ್ ಒತ್ತಿ ನಿಲ್ಲಿಸಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟು, ಇಳಿಜಾರಿಗೆ ಮುಖ ಮಾಡಿ ತಾನಾಗಿ ನಿಲ್ಲಲು ಬಿಡಬೇಕು. ಬೆಳಗಿನ ಹೊತ್ತು ಇಬ್ಬನಿ, ತಂಪಿಗೆ ಮರಳು ಬಿಗಿಯಾಗಿರುತ್ತದೆ. ಮಧ್ಯಾಹ್ನದ ಅದೇ ದಾರಿ ರವೆಯಂತಾಗುತ್ತದೆ. ಹಾಗಾಗಿ ಏಳಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸುವುದು ನಮ್ಮ ರೂಢಿಯಾಯಿತು.

ಒಂದೇ ಒಂದು ಪಂಕ್ಚರ್ ಆಯಿತು. ಕಿತ್ತು ನೋಡಿದರೆ ಎರಡಂಗುಲದ ಮುಳ್ಳು. ಅಲ್ಲಿನವರು ವಿಲಾಯತಿ ಬಬೂಲ್ ಎನ್ನುವ ಗಿಡದ್ದು. ಮಾವ ಮುಳ್ಳನ್ನು ಅಂಗೈಯಲ್ಲಿಟ್ಟು ನಕ್ಕುಬಿಟ್ಟರು: ‘ಎರಡು ಸಾವಿರ ಕಿಲೋಮೀಟರ್ ಬಂದ್ರೂ ಬಿಡಲಿಲ್ಲ ನೋಡು ನಮ್ಮ ಬಳ್ಳಾರಿ ಜಾಲಿ!’ ಹೌದು, ಕನ್ನಡದಲ್ಲಿ ಅದಕ್ಕೆ ನಮ್ಮ ಜಿಲ್ಲೆಯದೇ ಹೆಸರು. ಮೂಲ ಮಾತ್ರ ಅಮೆರಿಕ ಖಂಡದ್ದು. ಹಸಿರಿಗೆಂದು, ಉರುವಲಿಗೆಂದು ತಂದು ಬಿತ್ತಿದ್ದು ಈಗ ಎರಡೂ ಕಡೆ ಹೊಲ, ಹುಲ್ಲುಗಾವಲು ನುಂಗುತ್ತಿದೆ.

ದಾರಿ ಯಾಕೆ ಡೊಂಕು?

ಉಪಗ್ರಹ ನಕ್ಷೆಯಲ್ಲಿ ನೋಡಿದರೆ ಖುರಿಯಿಂದ ದೇವೀಕೋಟ್‌ಗೆ ಮರಳುದಾರಿಗಳು ಬಲೆಯಂತೆ ಹೆಣೆದುಕೊಂಡಿವೆ. ಯಾವುದೂ ನೇರವಿಲ್ಲ. ಬಯಲು ಬಯಲಾಗಿಯೇ ಇದೆ, ಬೆಟ್ಟವಿಲ್ಲ, ಹೊಳೆಯಿಲ್ಲ. ಹಾಗಿದ್ದರೂ ದಾರಿ ಯಾಕೆ ಇಷ್ಟು ಸುತ್ತುತ್ತದೆ?

ಉತ್ತರ ಕುಲ್ಧರಾದಲ್ಲೇ ಸಿಕ್ಕಿತ್ತು. ಪಾಲೀವಾಲ ಬ್ರಾಹ್ಮಣರು ಒಂದೇ ರಾತ್ರಿಯಲ್ಲಿ ಬಿಟ್ಟುಹೋದರು ಎಂಬ ಕಥೆಯ ಆ ಪಾಳು ಊರನ್ನು ಪ್ರವಾಸಿಗರು ದೆವ್ವದ ಊರೆಂದು ನೋಡಲು ಬರುತ್ತಾರೆ. ಮಾವ ಮನೆಗಳನ್ನು ಅರ್ಧ ಗಂಟೆ ನೋಡಿ, ‘ಇಷ್ಟು ಮಂದಿ ಏನು ಉಣ್ಣುತ್ತಿದ್ದರು? ಹೊಲ ಎಲ್ಲಿ?’ ಎಂದು ಕೇಳಿದರು. ಆ ಹೊಲವನ್ನೇ ಹುಡುಕಿಕೊಂಡು ಹೋದೆವು. ಖಾಬಾ ದಾರಿಯಲ್ಲಿ ಕಲ್ಲುಬಯಲಿನ ನಡುವೆ ಇದ್ದಕ್ಕಿದ್ದಂತೆ ಹಸಿರು. ಕಡಲೆ, ಗೋಧಿ ಮೊಳಕಾಲೆತ್ತರ ನಿಂತಿತ್ತು. ಬಾವಿಯಿಲ್ಲ, ಪಂಪಿಲ್ಲ, ಕಾಲುವೆಯಿಲ್ಲ.

ಅದಕ್ಕೆ ಖಡೀನ್ ಎನ್ನುತ್ತಾರೆ. ಕಲ್ಲುನೆಲದ ಇಳಿಜಾರಿನಲ್ಲಿ ಬೀಳುವ ಮಳೆ ಹರಿದು ತಗ್ಗಿಗೆ ಬರುತ್ತದೆ. ಆ ತಗ್ಗಿಗೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಏರಿ, ಹೆಚ್ಚಾದ ನೀರು ಹೋಗಲು ಒಂದು ಕೋಡಿ. ಮಳೆಗಾಲದಲ್ಲಿ ಅದು ಕೆರೆ. ಚಳಿಗಾಲದ ಹೊತ್ತಿಗೆ ನೀರು ಇಂಗಿ ಅದೇ ಹೊಲವಾಗುತ್ತದೆ. ಮಣ್ಣಿನಲ್ಲಿ ಕೂತ ತೇವದ ಮೇಲೇ ಬೆಳೆ. ಒಡಕಲು ಬಯಲಿನ ಹತ್ತಾರು ಪಾಲು ನೀರು ಒಂದು ಪಾಲು ಹೊಲಕ್ಕೆ. ಮಾವ ಏರಿಯ ಮೇಲೆ ಹೆಜ್ಜೆ ಹಾಕಿ ಅಳೆದರು, ಕೆಳಗಿಳಿದು ಮಣ್ಣು ಹಿಡಿದು ಉಂಡೆ ಮಾಡಿ ನೋಡಿದರು. ‘ನಮ್ಮ ಹಿಂಗಾರಿ ಜೋಳ ಬೆಳೆಯೋದೂ ಹಿಂಗೇ ಅಲ್ಲೇನೋ? ಎರೆ ಮಣ್ಣು ತಾನೇ ನೀರು ಹಿಡೀತೈತಿ. ಇವರಿಗೆ ಅಂಥ ಮಣ್ಣಿಲ್ಲ, ಏರಿ ಕಟ್ಟಿ ಹಿಡಿದಾರ.’

ಜೀಪಿನ ಹುಡುಗ ಮುಂದೆ ಬಿಡಿಸಿ ಹೇಳಿದ. ಅಲ್ಲಿ ನೀರಿಗೆ ಮೂರು ಹೆಸರು. ಕಣ್ಣಿಗೆ ಕಾಣುವ ಮಳೆನೀರು, ಅಂದರೆ ಕೆರೆಕುಂಟೆಯಲ್ಲಿ ನಿಂತದ್ದು ಪಾಲರ್ ಪಾನಿ. ತೀರಾ ಆಳದ ಅಂತರ್ಜಲ ಪಾತಾಲ್ ಪಾನಿ. ಬಹಳ ಕಡೆ ಅದು ಉಪ್ಪು. ಎರಡರ ನಡುವೆ ಮರಳಿನಲ್ಲಿ ಇಂಗಿ, ಕೆಳಗಿನ ಜಿಪ್ಸಮ್ ಪದರ ತಡೆದು ನಿಲ್ಲಿಸಿರುವ ತೇವ ರೇಜಾನಿ ಪಾನಿ. ಈ ಮೂರನೆಯದನ್ನು ಹಿಡಿಯಲು ಕುಂಈ ಎಂಬ ಕಿರಿದಾದ ಬಾವಿ ತೋಡುತ್ತಾರೆ. ಸುತ್ತಲ ಮರಳಿನ ತೇವ ಹನಿಹನಿಯಾಗಿ ಇಳಿದು ತಳದಲ್ಲಿ ಸೇರುತ್ತದೆ. ಇಡೀ ದಿನಕ್ಕೆ ಕೆಲವೇ ಕೊಡ ಸಿಹಿನೀರು. ಬಾವಿಯ ಬಾಯಿ ಕಿರಿದು, ಮೇಲೆ ಮುಚ್ಚಳ, ಆವಿಯಾಗಬಾರದಲ್ಲ. ದಿವಂಗತ ಅನುಪಮ್ ಮಿಶ್ರ ಅವರು ರಾಜಸ್ಥಾನದ ನೀರಿನ ಪುಸ್ತಕದಲ್ಲಿ ಈ ವಿದ್ಯೆಯನ್ನು ವಿವರವಾಗಿ ಬರೆದಿದ್ದಾರೆ. ಹಿಂದಿ ಓದಲು ಬರುವವರು ಹೊರಡುವ ಮೊದಲು ಓದಬೇಕು.

ಹಾಗಾಗಿ ದಾರಿ ಸುತ್ತುತ್ತದೆ. ಅದು ಊರಿಂದ ಊರಿಗೆ ಹೋಗುವ ದಾರಿಯಲ್ಲ. ಕುಂಈಯಿಂದ ಕುಂಟೆಗೆ, ಕುಂಟೆಯಿಂದ ಖಡೀನ್‌ಗೆ ಒಂಟೆ, ಕುರಿ, ಹೆಂಗಸರು ನಡೆದು ನಡೆದು ಬಿದ್ದ ದಾರಿ. ಇದು ತಿಳಿದ ಮೇಲೆ ನಾನೂ ನಕ್ಷೆಯನ್ನು ಬೇರೆ ಥರ ಓದತೊಡಗಿದೆ. ನಾಲ್ಕು ಕಡೆಯಿಂದ ಗೆರೆಗಳು ಬಂದು ಕೂಡಿದಲ್ಲಿ ನೀರಿದೆ ಎಂದು ಅರ್ಥ. ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಇತ್ತು.

ಇಪ್ಪತ್ತೆರಡು ಲೀಟರ್

ಎರಡನೇ ದಿನ ಬೆಳಿಗ್ಗೆ ಒಂದು ಉದ್ದನೆಯ ಒರಟು ದಾರಿ. ಮರಳಿನ ಮೇಲೆ ಅಲೆಯಂತೆ ಏಣುಗಳೆದ್ದು ಗಾಡಿ ಒಂದೇ ಸಮ ಅದುರುತ್ತಿತ್ತು. ಹತ್ತು ಗಂಟೆಗೆ ನಿಂತು ನೋಡಿದರೆ ಪೆಟ್ಟಿಗೆಯ ಹಿಂದೆ ಮರಳಿನ ಮೇಲೆ ಒದ್ದೆ ಗೆರೆ. ಟ್ಯಾಂಕಿನ ಕೆಳಗಿನ ಪ್ಲಾಸ್ಟಿಕ್ ಜೋಡಣೆ ಅದುರಿಗೆ ಬಿರಿದಿತ್ತು. ನೀರೆಲ್ಲ ಆಗಲೇ ಹೋಗಿತ್ತು. ಉಳಿದದ್ದು ಬೇರೆ ಬೇರೆ ಕಡೆ ಕಟ್ಟಿಟ್ಟ ಎರಡು ಕ್ಯಾನು, ಒಂದಷ್ಟು ಬಾಟಲಿ.

ನಾನು ಹೋದ ನೀರಿನ ಲೆಕ್ಕ ಹೇಳತೊಡಗಿದೆ. ಮಾವ ತಡೆದರು. ‘ಹೋದದ್ದು ಬ್ಯಾಡ ಅಳಿಯಾ. ಉಳಿದದ್ದು ಎಷ್ಟು, ಅಷ್ಟು ಹೇಳು.’

ಇಪ್ಪತ್ತೆರಡು ಲೀಟರ್. ಅದರಲ್ಲಿ ಐದು ಲೀಟರ್ ರೇಡಿಯೇಟರಿಗೆಂದು ಮುಟ್ಟದೆ ತೆಗೆದಿಟ್ಟೆವು. ಉಳಿದ ಹದಿನೇಳು, ಜೀಪಿನ ಹುಡುಗ ಸೇರಿ ಮೂವರಿಗೆ, ಮರುದಿನ ಮಧ್ಯಾಹ್ನ ದೇವೀಕೋಟ್ ತಲುಪುವವರೆಗೆ. ಚಳಿಗಾಲ, ಹಗಲಿಗೆ ಇಪ್ಪತ್ತೈದು ಡಿಗ್ರಿ ಆಸುಪಾಸು. ಕುಡಿಯಲು, ಬೇಯಿಸಲು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಸಾಕು. ಲೆಕ್ಕ ಸರಿಹೋಯಿತು. ಮೇ ತಿಂಗಳಾಗಿದ್ದರೆ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿದ್ದೆವು. ಮುಂದೆ ಹೋಗುವುದೆಂದು ತೀರ್ಮಾನವಾಯಿತು. ಮುಖ ತೊಳೆಯುವುದು ಬಂದ್.

ಸಂಜೆ ನಿಂತದ್ದು ಒಂದು ಢಾಣಿಯ ಹತ್ತಿರ. ಢಾಣಿ ಎಂದರೆ ನಾಲ್ಕೈದು ಮನೆಗಳ ಗುಂಪು. ಕೇಳಿಕೊಂಡೇ ಗಾಡಿ ನಿಲ್ಲಿಸಿದೆವು. ಮನೆಯ ಹಿರಿಯರು ಬಂದು ಕೂತ ಕೂಡಲೇ ಒಳಗಿಂದ ಹಿತ್ತಾಳೆ ಚೊಂಬಿನಲ್ಲಿ ನೀರು ಬಂತು. ಹುಡುಗ ನಮ್ಮ ಟ್ಯಾಂಕಿನ ಸಂಗತಿ ಹೇಳಿಬಿಟ್ಟಿದ್ದ. ‘ಕ್ಯಾನು ತನ್ನಿ, ತುಂಬಿಸಿಕೊಡುತ್ತೇವೆ’ ಎಂದರು ಹಿರಿಯರು.

ಅವರ ಅಂಗಳದಲ್ಲಿ ಒಂದು ಟಾಂಕಾ ಇತ್ತು. ನೆಲದಡಿಯ ಗಾರೆ ತೊಟ್ಟಿ ಅದು. ಮಳೆನೀರು ಖಾಲಿಯಾದ ಮೇಲೆ ಟ್ಯಾಂಕರ್ ತರಿಸಿ ತುಂಬಿಸುತ್ತಾರೆ, ದುಡ್ಡು ಕೊಟ್ಟು. ಮಳೆ ಬರಲು ಇನ್ನೂ ಆರೇಳು ತಿಂಗಳಿತ್ತು. ಮಾವ ಚೊಂಬಿನ ನೀರು ಕುಡಿದರು, ಕೈ ಮುಗಿದರು, ಕ್ಯಾನು ತರಲಿಲ್ಲ. ತಮ್ಮ ಹರುಕು ಹಿಂದಿಯಲ್ಲಿ, ‘ನಮಗೆ ನಾಳೆ ಊರು ಸಿಗುತ್ತೆ, ನಲ್ಲಿ ಸಿಗುತ್ತೆ. ಇದು ನಿಮ್ಮ ಮೊಮ್ಮಕ್ಕಳದು’ ಎಂದರು. ಹಿರಿಯರು ಒತ್ತಾಯಿಸಿದರು. ಕೊನೆಗೆ ರಾಜಿಯಾದದ್ದು ಹೀಗೆ: ನೀರು ಬೇಡ, ಊಟ ಆಗಬಹುದು. ಸಜ್ಜೆ ರೊಟ್ಟಿ, ಕೈರ್ ಸಾಂಗ್ರಿ ಪಲ್ಯ ಅವರ ಕಡೆಯಿಂದ. ಶೇಂಗಾ ಪುಡಿ, ಖಡಕ್ ರೊಟ್ಟಿ ನಮ್ಮ ಕಡೆಯಿಂದ. ಜೋಳದ ರೊಟ್ಟಿ ಇಷ್ಟು ತೆಳ್ಳಗೆ ಹೇಗೆ ಬಡಿಯುತ್ತಾರೆಂದು ಮನೆಯ ಹೆಂಗಸರು ಒಂದು ರೊಟ್ಟಿ ಬೆಳಕಿಗೆ ಹಿಡಿದು ನೋಡಿದರು.

ಊಟವಾದ ಮೇಲೆ ತಟ್ಟೆಯನ್ನು ಒಣ ಮರಳಿನಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಿಟ್ಟರು. ಕನ್ನಡಿಯಂತೆ ಹೊಳೆಯಿತು. ಮರುದಿನದಿಂದ ನಮ್ಮ ಪಾತ್ರೆಗೂ ಅದೇ ಉಪಚಾರ. ದೇವೀಕೋಟ್ ತಲುಪಿದಾಗ ಹದಿನೇಳರಲ್ಲಿ ಮೂರು ಲೀಟರ್ ಉಳಿದಿತ್ತು. ಅಲ್ಲಿ ಜೋಡಣೆ ಬದಲಾಯಿಸಿ, ಟ್ಯಾಂಕ್ ತುಂಬಿಸಿ, ಹುಡುಗನನ್ನು ಬೀಳ್ಕೊಟ್ಟೆವು.

ಕ್ಯಾಂಪರ್ ಗಾಡಿಯ ಆಕರ್ಷಣೆಯೇ ಯಾರ ಹಂಗೂ ಇಲ್ಲ ಎಂಬುದು. ಮನೆ ನಮ್ಮದು, ನೀರು ನಮ್ಮದು, ಎಲ್ಲಿ ಬೇಕಾದರೂ ನಿಲ್ಲಬಹುದು. ಇಂಥ ನೆಲಕ್ಕೆ ಹೋಗುವವರಿಗೆ ಆ ಮಾತು ನಿಜವಾಗಿರಲೇಬೇಕು, ಬೇರೆಯೇ ಕಾರಣಕ್ಕೆ. ನಾವು ಹೊತ್ತೊಯ್ಯದ ಪ್ರತಿ ಲೀಟರನ್ನು ಅಲ್ಲಿ ಯಾರೋ ತಮ್ಮ ಪಾಲಿನಿಂದ ಕೊಡಬೇಕಾಗುತ್ತದೆ. ಅವರು ಇಲ್ಲ ಎನ್ನುವುದಿಲ್ಲ ಎಂಬುದೇ ಕಷ್ಟ.

ಖಾಲಿ ಎಂದು ಬರೆದ ಜಾಗ

ಹೆದ್ದಾರಿ ದಾಟಿ ರಾಸಲಾ ಕಡೆ ಹೊರಟರೆ ನೋಟ ಬದಲಾಗುತ್ತದೆ. ಮರಳಿನ ಬದಲು ಹುಲ್ಲುಬಯಲು, ನಡುನಡುವೆ ಮರಗಳು. ಇದು ದೇಗರಾಯ್ ಮಾತೆಯ ಓರಣ. ಓರಣವೆಂದರೆ ದೇವರ ಹೆಸರಿಗೆ ಬಿಟ್ಟ ಕಾಡು ಮತ್ತು ಮೇವುನೆಲ. ನಮ್ಮ ಕೊಡಗಿನ ದೇವರಕಾಡು, ಬಯಲುಸೀಮೆಯ ಗೋಮಾಳ ಎರಡೂ ಒಂದಾದಂತೆ. ಅಲ್ಲಿ ಮರ ಕಡಿಯುವಂತಿಲ್ಲ. ದನ, ಕುರಿ, ಒಂಟೆ ಮೇಯಬಹುದು. ಗುಡಿಯ ಪಕ್ಕದಲ್ಲಿ ದೊಡ್ಡ ಕೆರೆ. ಗಾಡಿಯನ್ನು ಹೊರಗಿನ ದಾರಿಯಲ್ಲೇ ಬಿಟ್ಟು ನಡೆದೆವು.

ಮಾವ ಒಂದು ಮರದ ಕೆಳಗೆ ನಿಂತು ಎಲೆ ಮುಟ್ಟಿ ನೋಡಿ, ಚಪ್ಪಲಿ ಬಿಚ್ಚಿದರು. ‘ಬನ್ನಿ ಮರ ಕಣೋ.’ ಅಲ್ಲಿನವರ ಖೇಜಡಿ ನಮ್ಮ ಬನ್ನಿಯೇ. ವಿಜಯದಶಮಿಗೆ ಎಲೆ ಹಂಚಿ ‘ಬಂಗಾರ’ ಎನ್ನುತ್ತೇವಲ್ಲ, ಅದೇ ಶಮೀವೃಕ್ಷ. ರಾಜಸ್ಥಾನದ ರಾಜ್ಯವೃಕ್ಷವೂ ಹೌದು. ಹಿಂದಿನ ರಾತ್ರಿ ಉಂಡ ಸಾಂಗ್ರಿ ಇದರ ಕಾಯಿ. 1730ರಲ್ಲಿ ಜೋಧ್‌ಪುರ ಬಳಿಯ ಖೇಜಡಲಿಯಲ್ಲಿ ಅಮೃತಾ ದೇವಿಯೂ ಸೇರಿ 363 ಬಿಷ್ಣೋಯಿಗಳು ಈ ಮರವನ್ನು ಅಪ್ಪಿಕೊಂಡು ಪ್ರಾಣ ಕೊಟ್ಟರೆಂದು ಆ ಕಡೆ ಮಕ್ಕಳಿಗೂ ಗೊತ್ತು.

ಸಾಂವತಾ ಬಳಿ ಒಂಟೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಆಕಾಶದಂಚಿನಲ್ಲಿ ವಿದ್ಯುತ್ ಗೋಪುರಗಳ ಸಾಲು, ಗಾಳಿಯಂತ್ರಗಳು ಕಾಣುತ್ತಿದ್ದವು. ಅವರ ಚಿಂತೆ ಸರಳ: ಕಂದಾಯ ದಾಖಲೆಯಲ್ಲಿ ಎಷ್ಟೋ ಓರಣಗಳು ಓರಣವೆಂದು ಬರೆದೇ ಇಲ್ಲ. ಸರ್ಕಾರಿ ಭೂಮಿ, ಪಾಳುಭೂಮಿ ಎಂದಿದೆ. ಖಾಲಿ ಜಾಗವೆಂದ ಮೇಲೆ ಸೋಲಾರ್ ಯೋಜನೆಗೋ ಪವನ ವಿದ್ಯುತ್ತಿಗೋ ಕೊಡುವುದು ಸುಲಭ. ಬೇಲಿ ಬಿದ್ದರೆ ಒಂಟೆಯ ದಾರಿ ಮುಚ್ಚಿತು. ಒಂಟೆ ನೀರಿಗೆ ಹೋಗುವುದು ಹೇಗೆ?

ಇದು ಸುಲಭದ ಪ್ರಶ್ನೆಯಲ್ಲ. ನನ್ನ ಗಾಡಿಯ ಚಾವಣಿಯ ಮೇಲೂ ಸೋಲಾರ್ ಫಲಕವಿದೆ, ಕಲ್ಲಿದ್ದಲಿಗಿಂತ ಅದು ಮೇಲೆಂದು ನಂಬಿದವನೇ ನಾನು. ನಮ್ಮ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಂದಾಗ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ಹೆಸರಿದ್ದವರಿಗೆ ವರ್ಷಕ್ಕಿಷ್ಟೆಂದು ಬಾಡಿಗೆ ಬರುತ್ತದೆ. ಓರಣದ ಪಹಣಿಯಲ್ಲಿ ಯಾರ ಹೆಸರಿದೆ? ದೇವಿಯದೂ ಇಲ್ಲ, ಒಂಟೆಯವರದೂ ಇಲ್ಲ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣಗಳನ್ನು ಸಮೀಕ್ಷೆ ಮಾಡಿ, ಗುರುತಿಸಿ, ಅರಣ್ಯವೆಂದು ದಾಖಲಿಸಲು ಸೂಚಿಸಿತು. ಹಿರಿಯರಿಗೂ ಅದು ಗೊತ್ತಿತ್ತು. ‘ಕಾಗದ ಬಂದಿದೆ, ಅಳೆಯುವವರು ಬರಬೇಕು’ ಎಂದರು.

ಅದೇ ಬಯಲಿನಲ್ಲಿ ಇನ್ನೊಂದು ಜೀವ ಕಷ್ಟದಲ್ಲಿದೆ, ಗೋಡಾವಣ್. ಕನ್ನಡದಲ್ಲಿ ಎರೆಭೂತ, ಎರ್ಲಡ್ಡು ಎಂದು ಕರೆಯುವ ಹಕ್ಕಿ. ದೇಶದಲ್ಲಿ ಉಳಿದಿರುವುದು ಸುಮಾರು ನೂರೈವತ್ತು ಮಾತ್ರ. ಹೆಚ್ಚಿನವು ಜೈಸಲ್ಮೇರ್ ಸುತ್ತ. ಭಾರದ ದೇಹ, ಮುಂದಿನದು ಸರಿಯಾಗಿ ಕಾಣದ ಕಣ್ಣು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ತಂತಿಗಳನ್ನು ನೆಲದಡಿ ಹಾಕುವ ಬಗ್ಗೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದೇಶ ಮಾಡಿ, ಇಡೀ ಪ್ರದೇಶಕ್ಕೆ ಅದು ಕಷ್ಟವೆಂಬ ವಾದ ಕೇಳಿ 2024ರ ಮಾರ್ಚ್‌ನಲ್ಲಿ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸಮ್‌ನಲ್ಲಿ ಈಗ ಮರಿ ಬೆಳೆಸುವ ಕೇಂದ್ರವಿದೆ.

ನಮಗೆ ಹಕ್ಕಿ ಕಾಣಲಿಲ್ಲ. ಮಾವನಿಗೆ ಅದನ್ನು ನೋಡುವ ಆತುರವೂ ಇರಲಿಲ್ಲ. ಚಿಕ್ಕಂದಿನಲ್ಲಿ ಸಿರುಗುಪ್ಪದ ಎರೆ ಹೊಲಗಳಲ್ಲಿ ಜೋಳದ ನಡುವೆ ಅದು ನಡೆದುಹೋಗುವುದನ್ನು ಅವರು ಎಷ್ಟೋ ಸಲ ಕಂಡಿದ್ದಾರೆ. ಈಗ ಅಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ‘ಕಾಲುವೆ ಬಂತು, ಭತ್ತ ಬಂತು, ನಮ್ಮ ಹೊಟ್ಟೆ ತುಂಬಿತು. ಅದು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ’ ಎಂದರು. ಒಂಟೆಯ ಹಿರಿಯರಿಗೆ ಅದನ್ನು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಬೀಡಿ ಹಚ್ಚಿದರು.

ಹೋಗುವವರಿಗೆ ನಾಲ್ಕು ಮಾತು

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಾತ್ರ ಹೋಗಿ. ಹಗಲು ಹಿತವಾಗಿದ್ದರೂ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಕಂಬಳಿ ಎರಡಿರಲಿ.

ನೀರನ್ನು ಒಂದೇ ಟ್ಯಾಂಕಿನಲ್ಲಿ ಇಡಬೇಡಿ. ಅರ್ಧದಷ್ಟಾದರೂ ಬೇರೆ ಬೇರೆ ಕ್ಯಾನುಗಳಲ್ಲಿ ಇರಲಿ. ಕುಂಈ, ಕುಂಟೆಗಳ ಬಳಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯಬೇಡಿ. ಪ್ರಾಣಿಗಳು ನೀರಿಗೆ ಬರಲು ಹೆದರುತ್ತವೆ. ಕೆರೆಯ ಆಗೋರ್, ಅಂದರೆ ಮಳೆನೀರು ಹರಿದು ಬರುವ ಇಳಿಜಾರನ್ನು ಅಲ್ಲಿನವರು ಅಂಗಳದಂತೆ ಸ್ವಚ್ಛವಾಗಿ ಇಡುತ್ತಾರೆ. ಅದರ ಮೇಲೆ ಚಕ್ರ ಹಾಯಿಸಬಾರದು, ಶೌಚಕ್ಕಂತೂ ಹೋಗಲೇಬಾರದು.

ಇರುವ ದಾರಿಯಲ್ಲೇ ಹೋಗಿ. ನಿಮ್ಮ ಚಕ್ರ ತುಳಿದ ಸೇವಣ್ ಹುಲ್ಲು ಯಾರದೋ ಹಸುವಿನ ಬೇಸಿಗೆ ಮೇವು. ಗಡಿಯತ್ತ ಹೋಗುವುದಿದ್ದರೆ ಜೈಸಲ್ಮೇರ್‌ನಲ್ಲೇ ಅನುಮತಿ ವಿಚಾರಿಸಿ, ಮೊಬೈಲ್ ಸಿಗ್ನಲ್ ನಂಬದೆ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಎಲ್ಲಿ ಇಳಿದರೂ ಮೊದಲು ಢಾಣಿಯವರನ್ನು ಕೇಳಿ. ‘ಖಮ್ಮಾ ಘಣಿ’ ಎಂದರೆ ಅರ್ಧ ಕೆಲಸ ಆದ ಹಾಗೆ.

ಮಾವ ಊರಿಗೆ ಮರಳಿ ತಿಂಗಳಾದ ಮೇಲೆ ಒಂದು ರಾತ್ರಿ ಫೋನ್ ಮಾಡಿದರು. ಕುಶಲ ಕೇಳುವುದನ್ನೂ ಬಿಟ್ಟು, ‘ಆ ಖಡೀನ್ ಕೋಡಿ ಏರಿಗಿಂತ ಎಷ್ಟು ತಗ್ಗಿತ್ತಲೇ? ನೀನು ಫೋಟೊ ತೆಗೆದಿದ್ದಿಯಲ್ಲ, ನೋಡಿ ಹೇಳು’ ಎಂದರು. ಕಾಲುವೆ ಮುಟ್ಟದ ಆ ಮೂರು ಎಕರೆಯ ಕೆಳಬದಿಗೆ ಒಡ್ಡು ಹಾಕಿಸುತ್ತಿದ್ದಾರಂತೆ. ಫೋಟೊ ದೊಡ್ಡದು ಮಾಡಿ, ಪಕ್ಕದಲ್ಲಿ ನಿಂತಿದ್ದ ಅವರದೇ ಎತ್ತರದಿಂದ ಲೆಕ್ಕ ಹಾಕಿದೆ. ಸುಮಾರು ಎರಡು ಅಡಿ ಎಂದು ಹೇಳಿದೆ. ‘ಹಂಗಾದ್ರೆ ಸರಿ’ ಎಂದು ಫೋನ್ ಇಟ್ಟರು.